ತಾನೇ ಏಳುವ ಮೋಟಾರು

ನಮ್ಮ ಯಜಮಾನರು ತೀರಿಹೋದ ಮೇಲೂ ಅವರ ಮೋಟಾರು ತಾನಾಗಿಯೇ ಏಳುತ್ತಿತ್ತು. ಸತ್ತೇಗಾಲದಲ್ಲಿ ಮನೆಯ ಹಿಂದೆಯೇ ಬಾಳೆತೋಟ. ಸ್ಟಾರ್ಟರ್ ಡಬ್ಬಿಯನ್ನು ಅವರು ಆಟೋಗೆ ಹಾಕಿಟ್ಟಿದ್ದರು. ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಮೋಟಾರು ನೀರೆತ್ತುತ್ತದೆ, ಯಾರೂ ಕಾಯಬೇಕಿಲ್ಲ. ಇಲ್ಲಿ ಎಲ್ಲರದೂ ಹೀಗೆಯೇ. ತಿಥಿಯ ದಿನ ಎಡೆ ಇಡುವಾಗ ಆ ಸದ್ದು ಕೇಳಿ, ಅವರು ತೋಟದಲ್ಲಿದ್ದಾರೆ ಎಂದೇ ಎದ್ದು ನಿಂತೆ.

ಆಮೇಲೆ ಯಾವ ಕೆಲಸ ಹಿಡಿದರೂ ಅರ್ಧಕ್ಕೆ ಬಿಡುತ್ತಿದ್ದೆ. ಕಿವಿ ತೋಟದ ಕಡೆಗೇ ಇರುತ್ತಿತ್ತು.

ಒಂದು ಬೆಳಿಗ್ಗೆ ಮೈದುನ ಬಂದು ಹಿತ್ತಲ ಬಾಗಿಲಲ್ಲಿ ನಿಂತ. ಮೊಣಕಾಲವರೆಗೂ ಕೆಸರು.

"ಅತ್ಗೆ, ನೀರು ರಸ್ತೆಗೆ ಅರೀತಾ ಅದೆ. ಅಣ್ಣ ಇದ್ದಿದ್ರೆ ಅಲ್ಲೂ ಬತ್ತ ನಾಟಿ ಮಾಡ್ಬುಡ್ತಿದ್ದ. ಆಟೋ ತೆಗ್ದುಬುಡಿ."

"ಇರ್ಲಿ ಬುಡಪ್ಪ. ಆ ಕರೆಂಟಿಗೇನು ಬಿಲ್ಲಾ?"

"ಬಿಲ್ಲಿಲ್ಲ ಅಂದ್ರೆ ಸುಮ್ಕೆ ಬಂದದಾ? ಎಲ್ಲೋ ಕಲ್ಲಿದ್ಲು ಸುಟ್ಟು ಕಳುಸ್ತಾವ್ರೆ."

"ಇಲ್ಲೇ ನಮ್ಮ ಒಳೆ ನೀರಿಂದ ಅಲ್ವಾ ಕರೆಂಟು ತೆಗೆಯೋದು?"

ಅವನು ನಕ್ಕ. "ಅದು ತಾತನ ಕಾಲ ಕಣತ್ಗೆ. ಮನೆಗೊಂದು ಬಲ್ಪಿತ್ತು, ಸಾಕಾಯ್ತಿತ್ತು. ಈಗ ನಿಮ್ಮನೇಲಿ ಏನೇನವೆ ನೋಡ್ಕಳಿ. ಒಳೆ ಒಂದ್ರಿಂದ ಆದದಾ?"

ಅವನು ಹೋದ ಮೇಲೆ ನೋಡಿಕೊಂಡೆ. ಫ್ರಿಜ್ಜು, ಮಿಕ್ಸಿ, ಕರೆಂಟ್ ಒಲೆ. ಎಲ್ಲವೂ ಬಾಳೆ ಮಾರಿದ ವರ್ಷಗಳಲ್ಲಿ ಅವರು ಹೆಮ್ಮೆಯಿಂದ ತಂದದ್ದು. ಮೋಟಾರು ಬಂದ ಮೇಲೆಯೇ ನಾವು ಚೇತರಿಸಿಕೊಂಡದ್ದು, ನಾನು ಸೌದೆ ಊದಿ ಕೆಮ್ಮುವುದು ತಪ್ಪಿದ್ದು. ಅದರಲ್ಲಿ ಒಂದನ್ನೂ ಬೇಡವಾಗಿತ್ತು ಎನ್ನಲಾರೆ. ಆದರೆ ನಮ್ಮ ಅಡುಗೆಮನೆ ಬಿಟ್ಟ ಹೊಗೆ ಬೇರೆ ಯಾರದೋ ಊರಿನಲ್ಲಿ ಏಳುತ್ತಿದೆ, ಎಲ್ಲರ ಆಕಾಶಕ್ಕೂ ಸೇರುತ್ತಿದೆ. ಬೆಳೆಗಾಗಿ ಆದರೆ ಆ ಮಾತು ಬೇರೆ. ರಸ್ತೆಗೆ ಹರಿಯುವ ನೀರು ನನ್ನ ಕಿವಿಗಾಗಿ ಮಾತ್ರ ಹರಿಯುತ್ತಿತ್ತು.

ಮಧ್ಯಾಹ್ನ ತೋಟಕ್ಕೆ ಹೋದೆ. ಡಬ್ಬಿಯ ಬಾಗಿಲು ತೆರೆದೆ, ಮುಚ್ಚಿದೆ, ಮನೆಯ ಕಡೆ ಅರ್ಧ ದಾರಿ ನಡೆದು ಮತ್ತೆ ಬಂದೆ. ಅವರ ಬಟ್ಟೆಗಳನ್ನು ಕೊಟ್ಟಾಗಿತ್ತು, ಹಾಸಿಗೆ ಸುತ್ತಿಟ್ಟಾಗಿತ್ತು. ಅವರು ಇಟ್ಟ ಹಾಗೆಯೇ ಉಳಿದದ್ದು ಇದೊಂದೇ. ಕೊನೆಗೆ ಆಟೋ ತೆಗೆದೆ.

ಮಾರನೆಯ ದಿನ ಕರೆಂಟು ಬಂದಾಗ ಸುತ್ತಲಿನ ತೋಟಗಳ ಮೋಟಾರುಗಳೆಲ್ಲ ಒಟ್ಟಿಗೆ ಎದ್ದವು. ನಮ್ಮದು ಏಳಲಿಲ್ಲ. ಒಳಗೆ ನಿಲ್ಲಲಾಗದೆ ತೋಟಕ್ಕೆ ಓಡಿದೆ. ಬಾಳೆಯ ಬುಡದಲ್ಲಿ ಬೆರಳೂರಿ ನೋಡಿದೆ. ಮಣ್ಣು ಇನ್ನೂ ಹಸಿಯಾಗಿತ್ತು. ನೀರು ಬೇಕಾದ ದಿನ ನಾನೇ ಬಂದು ಮೋಟಾರು ಹಾಕಬೇಕು, ಸಾಕಾದಾಗ ನಾನೇ ನಿಲ್ಲಿಸಬೇಕು.