ಚಪ್ಪಲಿ ಹಾಕಿಕೊಂಡು ಸ್ನಾನ

ಅಮೃತಹಳ್ಳಿಯ ನನ್ನ ತವರುಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುವ ಪದ್ಧತಿ ತಂದವರು ನನ್ನ ಚಿಕ್ಕಪ್ಪ. ತಮಗಲ್ಲ, ಮೇಲಿನ ಮಹಡಿಯ ಬಾಡಿಗೆಯವರಿಗೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊದಲು ಅಜ್ಜಿಯ ವಿಷಯ ಹೇಳಿಬಿಡುತ್ತೇನೆ. ಮನೆ ಕಟ್ಟಿಸಿದಾಗ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಕಬ್ಬಿಣದ ಪೈಪು ನೆಟ್ಟು ತಂತಿ ಬಿಗಿದಿದ್ದರು. ಅರ್ಥಿಂಗ್. ಗೀಸರಿನಲ್ಲೋ ಮಿಕ್ಸಿಯಲ್ಲೋ ಕರೆಂಟು ದಾರಿ ತಪ್ಪಿದರೆ ನಮ್ಮ ಮೈಗೆ ಬರುವ ಬದಲು ನೆಲಕ್ಕೆ ಇಳಿಯಲಿ ಎಂದು. ಬೇಸಿಗೆ ಬಂತೆಂದರೆ ಅಜ್ಜಿ ಅಕ್ಕಿ ತೊಳೆದ ನೀರನ್ನು ಆ ಗುಂಡಿಗೇ ಸುರಿಯುತ್ತಿದ್ದಳು. ಕರಿಬೇವಿನ ಗಿಡ ಬಾಡುತ್ತಿದ್ದರೂ ಮೊದಲ ಪಾಲು ಗುಂಡಿಗೆ.

"ಏನಜ್ಜಿ, ಕಬ್ಬಿಣ ಚಿಗುರುತ್ತಾ?" ಎಂದು ನಾನು ರೇಗಿಸಿದರೆ, "ಚಿಗುರ್ದಿದ್ರೆ ಓಗ್ಲಿ. ನೆಲ ಒಣಗಿದ್ರೆ ಕರೆಂಟು ಎಲ್ಲಿಗ್ ಓಯ್ತದೆ? ನಿನ್ ಕೈಗೇ ಬತ್ತದೆ. ಸುಮ್ನೆ ಉಯ್ಯಿ," ಎನ್ನುತ್ತಿದ್ದಳು.

ಅಜ್ಜಿ ಹೋದಳು. ನಾನು ಮದುವೆಯಾಗಿ ಹೆಬ್ಬಾಳ ಸೇರಿದೆ. ಚಿಕ್ಕಪ್ಪ ಕಾರು ಕೊಂಡು, ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದರು.

ಕಳೆದ ಯುಗಾದಿಗೆ ಅಮ್ಮನ ಜೊತೆ ಇರಲೆಂದು ಹೋಗಿದ್ದೆ. ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಾಗ ಮೇಲಿನ ಮನೆಯ ಪುಟ್ಟ ಹುಡುಗಿ ಮೈತುಂಬ ಸೋಪಿನ ನೊರೆ ಹೊತ್ತು, ಅಳುತ್ತ ಮೆಟ್ಟಿಲಿಳಿದು ಬಂತು.

"ನಲ್ಲಿ ಕಚ್ತು!"

ಹಿಂದೆಯೇ ಟವೆಲು ಹಿಡಿದು ಓಡಿ ಬಂದ ತಾಯಿಯ ಮುಖದಲ್ಲಿ ರಕ್ತವೇ ಇರಲಿಲ್ಲ. "ಗೀಸರ್ ಹಾಕಿದ್ರೆ ನಲ್ಲಿ ಜುಮ್ ಅನ್ನುತ್ತೆ ಅಕ್ಕ. ಅಂಕಲ್‌ಗೆ ಹೇಳಿ ಹೇಳಿ ಸಾಕಾಯ್ತು. ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ ಅಂತಾರೆ. ಇವತ್ತು ಇವಳ ಚಪ್ಪಲಿ ಜಾರಿ ಹೋಯ್ತು."

ಅಂಕಲ್ ಅಲ್ಲೇ ಹಬ್ಬಕ್ಕೆಂದು ಕಾರು ಒರೆಸುತ್ತಿದ್ದರು.

"ಜುಮ್ ಅಂದ್ರೆ ಸಾಯ್ತಾರೇನಮ್ಮ? ತೋಟದ ಪಂಪ್‌ಸೆಟ್ಟಲ್ಲಿ ನಾನ್ ಎಷ್ಟ್ ಸಲ ಹೊಡೆಸ್ಕೊಂಡಿಲ್ಲ. ಏನಾಯ್ತು ನಂಗೆ?"

"ಏನಾಯ್ತು ಅಂತ ನಿಮಗ್ ಗೊತ್ತಾಗಲ್ಲ ಚಿಕ್ಕಪ್ಪ, ನಮಗ್ ಕಾಣ್ತಿದೆ. ಅಜ್ಜಿ ನೀರು ಹಾಕ್ತಿದ್ದ ಗುಂಡಿ ಎಲ್ಲಿ?"

"ಕಾರ್ ಕೆಳಗಿದೆ. ಎಲ್ಲಿಗ್ ಹೋಗುತ್ತೆ?"

"ಪೈಪು?"

"ಕಾರಿನ ಹೊಟ್ಟೆಗೆ ತಾಗ್ತಿತ್ತು. ಕಟ್ ಮಾಡಿಸ್ದೆ. ತಂತಿ ಕಿತ್ತು ಮಡಗಿದೀನಿ, ನೋಡು ಬೇಕಾದ್ರೆ."

ಉಗುರು ಕತ್ತರಿಸಿದ ಹಾಗೆ ಹೇಳಿದರು. ಮೀಟರ್ ಬೋರ್ಡಿನ ಹತ್ತಿರ ಹೋಗಿ ನೋಡಿದೆ. ಕರೆಂಟು ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್ಚು ಇರಬೇಕಾದಲ್ಲಿ ಟೇಪು ಸುತ್ತಿದ ವೈರು ಜೋಲುತ್ತಿತ್ತು. "ಅದಾ? ಗೀಸರ್ ಹಾಕ್ದಾಗೆಲ್ಲ ಬೀಳ್ತಿತ್ತು. ಬರೀ ಕಿರಿಕಿರಿ. ತೆಗೆಸ್ದೆ." ಸೋರುತ್ತಿದೆ, ಸೋರುತ್ತಿದೆ ಎಂದು ಆ ಸ್ವಿಚ್ಚು ಬಿದ್ದು ಬಿದ್ದು ಹೇಳುತ್ತಿತ್ತಲ್ಲ! ಗೀಸರನ್ನು ಬಿಟ್ಟು ಸ್ವಿಚ್ಚನ್ನೇ ತೆಗೆಸಿದ್ದರು ಮಹಾರಾಯರು.

ನಾನು ಮೇನ್ ಆಫ್ ಮಾಡಿ, ಹಿತ್ತಲಿನಿಂದ ಹಾರೆ ತಂದೆ.

"ಕಾರ್ ತೆಗೀರಿ."

"ಹಬ್ಬದ ದಿನ ಏನೇ ಇದು?"

"ತೆಗೀದಿದ್ರೆ ಹಾರೆ ಎಲ್ಲಿ ಬೀಳುತ್ತೋ ನಂಗೊತ್ತಿಲ್ಲ."

ಎಷ್ಟು ಚುರುಕಾಗಿ ಓಡಿದರು ಕೀ ತರಲು! ಮಗುವಿಗೆ ಏಳದವರು ಕಾರಿಗೆ ಎದ್ದರು. ಮೊದಲ ಏಟಿಗೇ ಟೈಲ್ಸು ಒಡೆಯಿತು. ಒಳಗೆ ಮಣ್ಣು ಸುಣ್ಣದ ಪುಡಿಯ ಹಾಗೆ ಒಣಗಿ ಹೋಗಿತ್ತು. ನನಗೆ ಅಳು ಬಂತು, ಅಳು ಬಂದದ್ದಕ್ಕೂ ಸಿಟ್ಟು ಬಂತು.

ಆಮೇಲೆ ಎಲೆಕ್ಟ್ರಿಷಿಯನ್ ಬಂದು ಅದೇ ಜಾಗದಲ್ಲಿ ಹೊಸ ಗುಂಡಿ ಮಾಡಿಸಿ, ತಂತಿ ಎಳೆದು, ಸ್ವಿಚ್ಚು ಕೂರಿಸಿ, ಆ ಗೀಸರನ್ನು ಕಿತ್ತು ಬೇರೆಯದು ಹಾಕಿದ. ಎಲ್ಲವನ್ನೂ ಪರೀಕ್ಷಿಸಿ ಸರಿಯಿದೆ ಎಂದ ಮೇಲೆ ನಾನೇ ಮೇಲೆ ಹೋಗಿ ನಲ್ಲಿ ಹಿಡಿದು ತೋರಿಸಿದೆ.

"ಇನ್ನು ಕಚ್ಚಲ್ಲ ಪುಟ್ಟಿ. ಬಾ, ಮುಟ್ಟು."

ಮಗು ತಾಯಿಯ ಮುಖ ನೋಡಿತು. ಬಾಗಿಲ ಬಳಿ ಹೋಗಿ ತನ್ನ ಗೇಣುದ್ದದ ಚಪ್ಪಲಿಯನ್ನು ಹಾಕಿಕೊಂಡು ಬಂದು ನಿಂತಿತು. ಆದರೂ ಕೈ ಚಾಚಲಿಲ್ಲ.

ಕೆಳಗೆ ಬಂದರೆ ಚಿಕ್ಕಪ್ಪ ಒಡೆದ ಟೈಲ್ಸ್ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. "ಈ ಕಲರ್ ಈಗ ಎಲ್ಲೂ ಸಿಗಲ್ಲ, ಗೊತ್ತಾ ನಿಂಗೆ?"

ನಾನು ಒಳಗೆ ಹೋದೆ. ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ಪಾತ್ರೆ ಇಸಿದುಕೊಂಡು ಬಂದು, ಅವರ ಕಣ್ಣೆದುರಿಗೇ ಗುಂಡಿಗೆ ನೀರು ಹುಯ್ದೆ. ಪಕ್ಕಕ್ಕೆ ನಿಲ್ಲಿಸಿದ್ದ ಕಾರಿನ ಮೇಲೂ ಸಿಡಿಯಿತು. ನಾನು ಒರೆಸಲಿಲ್ಲ.