ಬಿಟ್ಟ ಹಕಾರಗಳು

ಪ್ರತಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನನ್ನ ಗಂಡ ಸೈಕಲ್ಲನ್ನು ಮಂಡ್ಯದ ನಮ್ಮ ಬಾಡಿಗೆ ಮನೆಯ ಜಗಲಿಗೆ ಒರಗಿಸಿ, ಹಿಂದಿನ ಕ್ಯಾರಿಯರಿನ ಮೇಲೆ ಕಂಬಳಿ ಮಡಿಸಿ ಹಾಕಿ, "ಅತ್ತು" ಎನ್ನುತ್ತಿದ್ದರು. ಮೊದಲನೆಯ ಭಾನುವಾರ ನಾನು "ಯಾರು ಅತ್ತರು?" ಎಂದು ಕೇಳಿದೆ. ಅವರು ಹೇಳಿದ್ದು ಹತ್ತು, ಏರಿ ಕೂರು ಎಂದು. ಆವತ್ತೇ ಡೈರಿಯ ಕೊನೆಯ ಪುಟದಲ್ಲಿ ಗೆರೆ ಎಳೆದು "ಬಿಟ್ಟ ಹಕಾರಗಳು" ಎಂದು ತಲೆಬರಹ ಕೊಟ್ಟೆ. ಸಂಜೆ ಮನೆಗೆ ಮರಳುವ ಹೊತ್ತಿಗೆ ಮೂವತ್ತೇಳು ಆಗಿದ್ದವು.

ಇವರು ಕೆರಗೋಡಿನ ಕಡೆಯ ಬೇಸಾಯಗಾರರ ಮನೆಯವರು, ಮಂಡ್ಯದಲ್ಲಿ ಗುಮಾಸ್ತರು. ಕಚೇರಿಯಲ್ಲಿ ಅವರ ಹಕಾರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿರುತ್ತಿದ್ದವು. ಹಾಜರಿ, ಹುಕುಂ, ಹಿಡುವಳಿ, ಒಂದೂ ತಪ್ಪುತ್ತಿರಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟ ಕೂಡಲೇ ಎಲ್ಲ ಉದುರಿಹೋಗುತ್ತಿದ್ದವು. ನಾನು ಮೈಸೂರಿನ ಮೇಷ್ಟರ ಮಗಳು. ನಮ್ಮ ಮನೆಯಲ್ಲಿ ಹಕಾರ ನುಂಗಿದವರು ಊಟಕ್ಕೆ ಮುಂಚೆ ಒಂದು ಪುಟ ಕಾಪಿ ಬರೆಯಬೇಕಾಗಿತ್ತು. ಡೈರಿಯ ಅಭ್ಯಾಸವನ್ನು ಹಾಕಿಕೊಟ್ಟದ್ದೂ ಅಪ್ಪನೇ. "ಚೆನ್ನಾಗಿತ್ತು ಅಂತ ಬರೀಬೇಡ, ಎಷ್ಟಿತ್ತು ಅಂತ ಬರಿ" ಎನ್ನುತ್ತಿದ್ದರು. ಎರಡು ವರ್ಷದ ಹಿಂದಿನ ಆ ಡೈರಿ ಈಗ ನನ್ನ ಮುಂದಿದೆ. ಅದರಲ್ಲಿ ಚೆನ್ನಾಗಿತ್ತು ಎಂಬ ಮಾತು ಎಲ್ಲಿಯೂ ಇಲ್ಲ.

ಅದು ೧೯೪೫. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಯಾವುದೋ ಮಾಸಪತ್ರಿಕೆಯಲ್ಲಿ ಇವರು, ವಸಂತಕಾಲದಲ್ಲಿ ನವದಂಪತಿಗಳು ಪ್ರಕೃತಿಯ ಮಡಿಲಲ್ಲಿ ವಿಹರಿಸಬೇಕು ಎಂದು ಓದಿದ್ದರು. ಅದನ್ನು ಬರೆದ ಮಹಾನುಭಾವ ಮಾರ್ಚ್ ತಿಂಗಳಿನಲ್ಲಿ ಸೈಕಲ್ ಕ್ಯಾರಿಯರಿನ ಮೇಲೆ ಒಂದು ಮಗ್ಗುಲಾಗಿ ಕೂತವನಲ್ಲ. ಪ್ರಕೃತಿಯ ಮಡಿಲಲ್ಲಿ ನೆಗ್ಗಿಲ ಮುಳ್ಳಿರುತ್ತದೆ ಎಂಬುದೂ ಅವನಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಮಣೆ ಇತ್ತು, ಸೂರಿತ್ತು, ಕುಡಿಯಲು ತಣ್ಣನೆಯ ನೀರಿತ್ತು. ಅದನ್ನೆಲ್ಲ ಬಿಟ್ಟು ಹತ್ತು ಮೈಲಿ ಆಚೆ, ಯಾರದೋ ಮಾವಿನ ತೋಪಿನಲ್ಲಿ ಆರಿದ ಚಿತ್ರಾನ್ನವನ್ನು ಇರುವೆಗಳ ಜೊತೆ ಹಂಚಿಕೊಂಡು ತಿನ್ನುವುದಕ್ಕೆ ವಿಹಾರ ಎಂದು ಹೆಸರು.

ಮಾರ್ಚ್ ನಾಲ್ಕು, ಕೆರಗೋಡಿನ ಕಡೆ. ದಾರಿಯಲ್ಲಿ ನಿಂತು ನೋಡಿದವರು ಅರವತ್ತೆರಡು ಜನ, ಬಾಯಿಬಿಟ್ಟು ಹೇಳಿದವರು ಒಂಬತ್ತು. ಗದ್ದೆಯ ಬದುವಿನ ಮೇಲಿದ್ದ ಒಬ್ಬಾಕೆ ಪಕ್ಕದವಳಿಗೆ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ: "ನೋಡಮ್ಮಿ, ಎಂಡ್ರನ್ನ ರಾಗಿ ಮೂಟೆ ಏರ್ದಂಗೆ ಏರ್ಕಂಡು ಓಯ್ತಾವ್ನೆ. ಮಿಲ್ಲು ಯಾವ ಕಡೀಕದೆ ಅಂತ ಕೇಳು."

ಮಾರ್ಚ್ ಹನ್ನೊಂದು, ಮದ್ದೂರಿನ ಹತ್ತಿರದ ಶಿವಪುರ. ಅದಕ್ಕೆ ಏಳು ವರ್ಷ ಮುಂಚೆ ಧ್ವಜ ಸತ್ಯಾಗ್ರಹ ನಡೆದ ಬಯಲು. ಆಗ ಹೈಸ್ಕೂಲಿನಲ್ಲಿದ್ದ ಇವರೂ ಅಲ್ಲಿಗೆ ಹೋಗಿದ್ದರಂತೆ. ಮದುವೆಯ ಹೊಸದರಲ್ಲಿ ಕೇಳಿದ ಪ್ರಕಾರ, ದೂರದ ಮರವೊಂದನ್ನು ಹತ್ತಿ ನೋಡಿದ್ದರು. ಆವತ್ತು ಮನೆ ಬಿಡುವಾಗ ಕೇಳಿದ ಪ್ರಕಾರ, ಜನರ ನಡುವೆ ನಿಂತಿದ್ದರು. ಬಯಲು ಮುಟ್ಟುವ ಹೊತ್ತಿಗೆ ಧ್ವಜದ ಕಂಬದಿಂದ ನಾಲ್ಕು ಮಾರು ದೂರಕ್ಕೆ ಬಂದಿದ್ದರು. ಶಿವಪುರ ಇನ್ನೆರಡು ಮೈಲಿ ಆಚೆ ಇದ್ದಿದ್ದರೆ ಧ್ವಜವನ್ನು ಇವರೇ ಏರಿಸಿಬಿಡುತ್ತಿದ್ದರು.

ಮಾರ್ಚ್ ಹದಿನೆಂಟು, ಬೆಸಗರಹಳ್ಳಿ. ಇಲ್ಲಿಂದ ಇವರ ಅಡ್ಡದಾರಿಗಳು ಶುರುವಾದವು. ನೇರವಾದ ರಸ್ತೆ ಕಣ್ಣೆದುರಿಗಿದ್ದರೆ ಇವರಿಗೆ ಅವಮಾನ. "ಸುತ್ತು ದಾರಿ ಯಾಕೆ? ನಮ್ ಮಣ್ಣು ನಂಗೊತ್ತಿಲ್ವಾ" ಎಂದು ಹ್ಯಾಂಡಲ್ ತಿರುಗಿಸುತ್ತಿದ್ದರು. ಆ ವಸಂತದಲ್ಲಿ ಒಟ್ಟು ಹಿಡಿದ ಅಡ್ಡದಾರಿ ಏಳು. ಅವುಗಳಲ್ಲಿ ರಸ್ತೆಗಿಂತ ಹತ್ತಿರವಾದದ್ದು ಸೊನ್ನೆ. ಒಂದು ಗದ್ದೆಯ ಕೆಸರಿನಲ್ಲಿ ಮುಗಿಯಿತು. ಇನ್ನೊಂದು ನೇರವಾಗಿ ಒಂದು ಆಲೆಮನೆಯೊಳಕ್ಕೆ ನುಗ್ಗಿತು. ಅಲ್ಲಿ ಕಬ್ಬು ಅರೆಯುತ್ತಿದ್ದವನು ತಲೆ ಎತ್ತಿ, "ಏನ್ ಗೌಡ್ರೆ, ಎಂಡ್ರನ್ನ ಆಲೆಗೆ ಕೊಡಕ್ಕೆ ತಂದ್ರಾ?" ಎಂದ.

"ಇವಳ್ನ ಆಕುದ್ರೆ ಕೊಪ್ಪರಿಗೆ ಬೆಲ್ಲವೆಲ್ಲ ಕಯ್ಯಾಯ್ತದೆ, ಬುಡ್ಲಾ" ಎಂದರು ಇವರು.

ಬಿಟ್ಟ ಹಕಾರ ಎರಡು, ನಿಂದೆ ಒಂದು ಎಂದು ಬರೆದುಕೊಂಡೆ.

ಮಾರ್ಚ್ ಇಪ್ಪತ್ತೈದರಂದು ಮದ್ದೂರಿನ ಮುಂದೆ ಟೈರು ಹರಿಯಿತು. ಯುದ್ಧದ ಕಾಲ, ಹೊಸ ಟೈರಿನ ಮಾತೇ ಇರಲಿಲ್ಲ. ಮದ್ದೂರಿನ ಸೈಕಲ್ ಅಂಗಡಿಯ ಸಾಹೇಬರು ಹರಿದ ಜಾಗಕ್ಕೆ ಒಳಗಿನಿಂದ ಹಳೆಯ ಟೈರಿನ ತುಂಡೊಂದನ್ನು ಇಟ್ಟು ಕೂರಿಸಿದರು. "ಸಾಮಿ, ಇದು ಒಬ್ರು ಕೂರೋ ಗಾಡಿ. ಮನೆಯವ್ರನ್ನ ಕರ್ಕೊಂಡು ಊರೂರು ಸುತ್ತೋದಾದ್ರೆ ಎತ್ತಿನ ಗಾಡಿ ಮಾಡ್ಕೊಳಿ. ಎತ್ತಿಗೆ ಪಂಚರ್ ಆಗಲ್ಲ" ಎಂದರು. ಆ ಮೂರು ವಾರಗಳಲ್ಲಿ ನಾನು ಕೇಳಿದ ಒಂದೇ ಒಂದು ಬುದ್ಧಿವಂತ ಮಾತು ಇದು.

ಇಷ್ಟು ದಿನ ಕಳೆದುಕೊಂಡದ್ದು ಭಾನುವಾರಗಳನ್ನು ಮಾತ್ರ. ಏಪ್ರಿಲ್ ಒಂಬತ್ತರ ಸೋಮವಾರ ಹಾಗಲ್ಲ.

ಯುಗಾದಿ ಕಳೆದ ಮೇಲೆ ಇವರಿಗೆ ಮಳವಳ್ಳಿಗೆ ವರ್ಗವಾಗುತ್ತದೆ ಎಂದು ಮೊದಲೇ ಗೊತ್ತಾಗಿತ್ತು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಜಾಗ ಖಾಲಿ ಇತ್ತು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ, ಅಕ್ಷರ ದುಂಡಗಿತ್ತು. ಅರ್ಜಿ ಹಾಕಿದೆ, ಕರೆ ಬಂತು. ಸೋಮವಾರ ಹನ್ನೊಂದು ಗಂಟೆಗೆ ಉಕ್ತಲೇಖನದ ಪರೀಕ್ಷೆ. ನಮ್ಮತ್ತೆಯವರಿಗೆ ಸೊಸೆ ಕೆಲಸಕ್ಕೆ ಹೋಗುವುದು ಇಷ್ಟವಿರಲಿಲ್ಲ. ಮಗ ಎರಡು ದಿನ ಊಟ ಬಿಟ್ಟ ಮೇಲೆ ಒಪ್ಪಿದರು. ಒಪ್ಪಿದ್ದು ಒಂದೇ ಸಲಕ್ಕೆ: "ಒಂದೇ ಕಿತ ಕಣಮ್ಮ. ಸಿಕ್ರೆ ಸಿಕ್ತು. ಸಿಗ್ನಿಲ್ಲ ಅಂದ್ರೆ ಇನ್ನೊಂದ್ಕಿತ ಈ ಮಾತು ನನ್ ಮುಂದೆ ತೆಗೀಬ್ಯಾಡ." ಅತ್ತೆಯವರು ಕೊಟ್ಟ ಮಾತಿಗೂ ಹಾಕಿದ ಗೆರೆಗೂ ತಪ್ಪುವವರಲ್ಲ.

ಹಿಂದಿನ ದಿನವೇ ಮದ್ದೂರಿಗೆ ಹೋಗಿ ಇವರ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಅಲ್ಲಿಂದ ಮಳವಳ್ಳಿಗೆ ಬಸ್ಸಿತ್ತು. ಪೆಟ್ರೋಲ್ ಸಿಗದ ಕಾಲ, ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುವ ಬಸ್ಸು. ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕು. ಅದನ್ನು ನೆಚ್ಚಿಕೊಂಡು ಪರೀಕ್ಷೆಗೆ ಹೋಗಲು ನನಗೆ ಧೈರ್ಯವಿರಲಿಲ್ಲ. ಇವರಿಗೆ ಅದೇ ಬೇಕಾಗಿತ್ತು. "ಸೈಕಲ್ನಾಗೆ ಓಗನ. ಒಂಗೆ ಊ ಬುಟ್ಟವೆ, ನೋಡ್ಕಂಡು ಓದಂಗಾಯ್ತದೆ." ಪರೀಕ್ಷೆಗೆ ಹೋಗುವವಳಿಗೆ ಹೊಂಗೆಯ ಹೂವನ್ನು ಕಟ್ಟಿಕೊಂಡು ಏನಾಗಬೇಕು. ಒಂದು ಕರಾರಿನ ಮೇಲೆ ಒಪ್ಪಿದೆ: ಅಡ್ಡದಾರಿ ಹಿಡಿಯಕೂಡದು, ದಾರಿ ಕೇಳುವ ಕೆಲಸ ನನ್ನದು.

ಆರೂವರೆಗೆ ಹೊರಟೆವು. ಇವರು ಮಾತಿಗೆ ತಪ್ಪಲಿಲ್ಲ, ರಸ್ತೆ ಬಿಟ್ಟು ಅಲುಗಲಿಲ್ಲ. ತಪ್ಪಿದ್ದು ಟೈರು. ಎರಡು ಪಂಚರು, ಒಂದು ಸಲ ಚೈನು ಕಳಚಿತು. ಚೈನು ಕಳಚಿದ ಜಾಗದಲ್ಲಿ ಮೈಲಿಕಲ್ಲು ಇತ್ತು. ಮಳವಳ್ಳಿ ೩. ಅಪ್ಪ ಕೊಟ್ಟ ಕೈಗಡಿಯಾರದಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷ. ರಸ್ತೆಯಲ್ಲಿ ಮೂರು ಮೈಲಿಗೆ ಅರ್ಧ ಗಂಟೆ, ಇನ್ನೊಂದು ಪಂಚರಾದರೆ ಮುಗಿಯಿತು ಎಂದು ಲೆಕ್ಕ ಹಾಕಿದೆ. ಅಲ್ಲೇ ಬಲಗಡೆಗೆ ಒಂದು ಕೆರೆಯ ಏರಿ ಹೊರಟಿತ್ತು. ಏರಿಯ ಬುಡದಲ್ಲಿ, ಹುಣಸೆಮರದ ಕೆಳಗೆ ಒಬ್ಬ ಅಜ್ಜಿ ಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಇವರು ರಸ್ತೆಯ ಆಚೆ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚೈನಿನ ಜೊತೆ ಗುದ್ದಾಡುತ್ತಿದ್ದರು. ನಾನು ಅಜ್ಜಿಯ ಹತ್ತಿರ ಹೋದೆ.

"ಅಜ್ಜಿ, ಈ ಏರಿ ಮೇಲೆ ಮಳವಳ್ಳಿಗೆ ಹೋಗಬಹುದಾ?"

"ಓಗ್ಬೋದು ಕಣವ್ವ. ನಮ್ಮೆಮ್ಮೆ ಓಯ್ತವೆ, ನಿಂಗೇನ್ ದಾಡಿ."

"ಎಷ್ಟು ದೂರ ಆಗುತ್ತೆ?"

"ಅರ್ದಾರಿ."

"ಸರಿಯಾಗಿ ಗೊತ್ತಾ?"

ಅಜ್ಜಿ ಬಡಿಯುವ ಕೋಲನ್ನು ಕೆಳಗಿಟ್ಟಳು. "ಈ ಏರಿ ಮ್ಯಾಲೆ ಸವೆದವಳು ನಾನು. ಅರ್ದಾರಿ ಅಂದ್ರೆ ಅರ್ದಾರಿ ಕಣವ್ವ."

ಡೈರಿ ತೆಗೆದು ಬರೆದೆ: ಹತ್ತು ಇಪ್ಪತ್ತೆರಡು. ಏರಿಯ ಮೇಲೆ ಅರ್ಧ ದಾರಿ. ಮೂರರಲ್ಲಿ ಅರ್ಧ ಒಂದೂವರೆ ಮೈಲಿ. ನಡೆದರೂ ಅರ್ಧ ಗಂಟೆ ಸಾಕು.

"ಏರಿಯ ಮೇಲೆ ಹೋದರೆ ಅರ್ಧ ದಾರಿಯಂತೆ" ಎಂದು ಇವರಿಗೆ ಹೇಳಿದೆ. ಕೈಯೆಲ್ಲ ಗ್ರೀಸು ಮಾಡಿಕೊಂಡಿದ್ದ ಇವರು ಏರಿಯನ್ನು ನೋಡಿದರು. "ಏರಿ ಮೇಲೆ ಸೈಕಲ್ ಓಡಕಿಲ್ಲ ಕಣೆ. ಜಾಲಿ ಬೆಳ್ದದೆ. ರಸ್ತೇಲೇ ಓಗನ."

"ನಿಮ್ಮ ಹಾಗೆ ಅಂದಾಜಿನ ಮೇಲೆ ಹೇಳುತ್ತಿಲ್ಲ. ಕೇಳಿದ್ದೇನೆ, ಎರಡು ಸಲ ಕೇಳಿದ್ದೇನೆ, ಬರೆದುಕೊಂಡಿದ್ದೇನೆ" ಎಂದೆ.

ಬರೆದುಕೊಂಡಿದ್ದೇನೆ ಎಂದ ಮೇಲೆ ಇವರು ಚೈನು ಕೂರಿಸಿ ಕೈ ಒರೆಸಿಕೊಂಡರು. ಸೈಕಲ್ಲನ್ನು ಏರಿಗೆ ಹತ್ತಿಸಿದರು.

ಏರಿಯ ಮೇಲೆ ಸೈಕಲ್ ಓಡಲಿಲ್ಲ. ಕೆಲವು ಕಡೆ ತಳ್ಳಿದರು, ಕೆಲವು ಕಡೆ ಹೆಗಲ ಮೇಲೆ ಹೊತ್ತರು. ಜಾಲಿಯ ಮುಳ್ಳಿಗೆ ನನ್ನ ಸೀರೆಯ ಅಂಚು ಮೂರು ಕಡೆ ಹರಿಯಿತು. ತೂಬಿನ ಹತ್ತಿರ ಒಂದೂವರೆ ಮೈಲಿ ಆಗಿರಬೇಕು ಎಂದು ನಿಂತೆ. ಮಳವಳ್ಳಿಯ ಸುಳಿವೇ ಇರಲಿಲ್ಲ. ಆಗ ಹತ್ತು ಗಂಟೆ ಐವತ್ತೈದು ನಿಮಿಷ.

ಅಲ್ಲಿಂದ ಮುಂದೆ ನಾನು ಆಡಿದ ಮಾತುಗಳನ್ನು ಡೈರಿಯಲ್ಲಿ ಬರೆದಿಲ್ಲ, ಆದರೆ ನೆನಪಿವೆ. ಬೇಸಾಯಗಾರರ ಮನೆಯಲ್ಲಿ ಹುಟ್ಟಿ ಒಂದೂವರೆ ಮೈಲಿ ಸೈಕಲ್ ತಳ್ಳಲಾರದವರು ಎಂದೆ. ಎಮ್ಮೆಗಳಿಗಿರುವ ಚುರುಕು ನಿಮಗಿಲ್ಲ ಎಂದೆ. ಹೊಂಗೆಯ ಹೂವು ನೋಡಿಕೊಂಡು ಬರುವವರಿಗೆ ಹೆಂಡತಿಯ ಪರೀಕ್ಷೆ ಏಕೆ ನೆನಪಿರುತ್ತದೆ ಎಂದೆ. ಬೇಕೆಂದೇ ನಿಧಾನ ಮಾಡುತ್ತಿದ್ದೀರಿ, ಅಮ್ಮನ ಕಡೆಯ ಮಗ ನೀವು ಎಂದೂ ಅಂದೆ.

ಸೈಕಲ್ ಹೊತ್ತವರು ಹಿಂದೆ ತಿರುಗದೆ ಹೇಳಿದರು. "ಬಯ್ಯದಾದ್ರೆ ನಡೀತಾ ಬಯ್ಯಿ. ನಿಂತ್ಕಂಡು ಬಯ್ದ್ರೆ ಒತ್ತಾಯ್ತದೆ."

ಶಾಲೆಯ ಬಾಗಿಲಿಗೆ ಬಂದಾಗ ಹನ್ನೊಂದು ಗಂಟೆ ಮೂವತ್ತೈದು ನಿಮಿಷ. ಉಕ್ತಲೇಖನ ಮುಗಿದಿತ್ತು. ಹೆಡ್‌ಮಿಸ್ಟ್ರೆಸ್ ಒಳ್ಳೆಯವರು. ಕುಡಿಯಲು ನೀರು ಕೊಟ್ಟರು, ನನ್ನ ಹೆಸರನ್ನು ಮೂರು ಸಲ ಕೂಗಿಸಿ ಹತ್ತು ನಿಮಿಷ ಕಾದೆವು ಎಂದರು. ನನ್ನ ಅರ್ಜಿಯನ್ನು ತೆಗೆದು ಅಕ್ಷರ ನೋಡಿ, "ಎಷ್ಟು ದುಂಡಗೆ ಬರೀತೀಯಮ್ಮ" ಎಂದರು. ಆಯ್ಕೆಯಾಗಿದ್ದ ಹುಡುಗಿ ಜಗಲಿಯ ಮೇಲೆ ಕೂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅವಳ ಮನೆ ಹಿಂದಿನ ಬೀದಿಯಲ್ಲಂತೆ.

ಮರಳುವಾಗ ರಸ್ತೆಯಲ್ಲೇ ಬಂದೆವು. ಆ ಮೂರು ಮೈಲಿಗೆ ಹಿಡಿದದ್ದು ಇಪ್ಪತ್ತೆಂಟು ನಿಮಿಷ. ಮೈಲಿಕಲ್ಲಿನ ಹತ್ತಿರ ಅಜ್ಜಿ ಇನ್ನೂ ಹುಣಸೆಹಣ್ಣು ಬಡಿಯುತ್ತಿದ್ದಳು. ನಾನು ಸೈಕಲ್ ನಿಲ್ಲಿಸಲು ಹೇಳಿ, ಇಳಿದು ಹೋದೆ. ಮೈಸೂರಿನವರಿಗೆ ಸುಳ್ಳು ದಾರಿ ಹೇಳಿದವಳನ್ನು ಸುಮ್ಮನೆ ಬಿಡುವ ಮನಸ್ಸಿರಲಿಲ್ಲ.

"ಅಜ್ಜಿ, ಏರಿ ಮೇಲೆ ಹೋದರೆ ಅರ್ಧ ದಾರಿ ಅಂದೆಯಲ್ಲ. ಅರ್ಧ ಎಲ್ಲಿ ಬಂತು? ಪೂರ್ತಿ ಮೂರು ಮೈಲಿ ಇದೆ."

ಅಜ್ಜಿ ನನ್ನನ್ನೂ ಹರಿದ ಸೀರೆಯನ್ನೂ ನೋಡಿದಳು. "ಅದ್ನೇ ಅಲ್ವಾ ನಾನೇಳಿದ್ದು. ರಸ್ತೇನೂ ಅರ್ದಾರಿ, ಏರೀನೂ ಅರ್ದಾರಿ. ಒಂದರ್ದಾರಿ ಅಂದ್ರೆ ಮೂರ್ ಮೈಲಿ ಕಣವ್ವ. ಮೈಲಿಕಲ್ಲು ನೆಡಕ್ಕೆ ಮುಂಚಿಂದ್ಲೂ ಅಷ್ಟೆ." ಆಮೇಲೆ ಇವರ ಕಡೆ ತಿರುಗಿ, "ಏನಪ್ಪ, ನಿನ್ನೆಂಡ್ರಿಗೆ ಅರ್ದಾರಿ ತಿಳೀದಾ?" ಎಂದಳು.

ಹರದಾರಿ. ಆ ಮಾತು ನನಗೆ ಗೊತ್ತಿತ್ತು. ಅಪ್ಪ ಬಾಯಿಪಾಠ ಮಾಡಿಸಿದ ಹಳೆಯ ಅಳತೆಗಳ ಕೋಷ್ಟಕದಲ್ಲಿ ಅದಿತ್ತು, ಹರದಾರಿ ಒಂದಕ್ಕೆ ಮೂರು ಮೈಲಿ. ಆ ಮಾತು ಹಕಾರ ಬಿಟ್ಟುಕೊಂಡು ಬಂದದ್ದರಿಂದ ನನಗೆ ಗುರುತು ಸಿಗಲಿಲ್ಲ. ಐದು ವಾರಗಳಿಂದ ಬಿಟ್ಟ ಹಕಾರಗಳನ್ನು ಎಣಿಸಿ ಇನ್ನೂರ ಹದಿನಾಲ್ಕು ಎಂದು ಬರೆದಿದ್ದವಳು, ಬೇಕಾದ ಒಂದನ್ನು ಎಣಿಸಲಿಲ್ಲ. ನಾನು ಚೈನಿನ ಹತ್ತಿರ ಹೋಗಿ "ಅರ್ದಾರಿಯಂತೆ" ಎಂದು ಅಜ್ಜಿಯ ಬಾಯಿಯ ಮಾತನ್ನೇ ಹೇಳಿದ್ದರೆ ಇವರಿಗೆ ತಿಳಿಯುತ್ತಿತ್ತು. ನಾನು ಅದನ್ನು ತಿದ್ದಿ ಹೇಳಿದ್ದೆ.

ಇವರು ನಗುತ್ತಾರೆ ಎಂದು ಕಾದೆ. ಅಡ್ಡದಾರಿಗಳ ಲೆಕ್ಕಕ್ಕೆ, ಮೂವತ್ತೇಳು ಹಕಾರಗಳಿಗೆ, ಏರಿಯ ಮೇಲೆ ನಾನು ಆಡಿದ್ದಕ್ಕೆ, ಎಲ್ಲಕ್ಕೂ ಸೇರಿಸಿ ಒಂದು ಮಾತು ಆಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಇವರು ಅಜ್ಜಿಗೆ, "ಪ್ಯಾಟೆಯೋಳು ಕಣಜ್ಜಿ" ಎಂದಷ್ಟೇ ಹೇಳಿದರು. ಭುಜದ ಮೇಲೆ ಸೈಕಲ್ಲಿನ ಕಂಬಿ ಒತ್ತಿ ಅಂಗಿ ಕಪ್ಪಾಗಿತ್ತು. ಸರಿದಿದ್ದ ಕಂಬಳಿಯನ್ನು ಬಿಚ್ಚಿ ಮತ್ತೆ ಮಡಿಸಿ ಕ್ಯಾರಿಯರಿನ ಮೇಲೆ ಹಾಸಿದರು. ಹ್ಯಾಂಡಲ್ ಹಿಡಿದು, ನನ್ನ ಮುಖ ನೋಡದೆ, ರಸ್ತೆಯನ್ನು ನೋಡಿಕೊಂಡು ಹೇಳಿದರು.

"ಅತ್ತು."

ಹತ್ತಿ ಕೂತೆ. ಮದ್ದೂರು ಮುಟ್ಟುವವರೆಗೆ ಅವರು ಹಿಂದೆ ತಿರುಗಲಿಲ್ಲ. ಆ ಮಾತನ್ನು ಅವರು ಹೇಳಿದ ಹಾಗೆಯೂ ನಡೆಸಿದೆ, ಮೊದಲ ಭಾನುವಾರ ನನಗೆ ಕೇಳಿಸಿದ ಹಾಗೆಯೂ ನಡೆಸಿದೆ.