ಅಕ್ಕನ ಕೌದಿಯ ಬಿಳಿ ಜಾಗ

ಇದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಗಂಡನ ಮನೆ ನವಲಿಯಿಂದ ಅಕ್ಕ ತನ್ನ ಕೌದಿಯನ್ನು ತೇಪೆ ಹಾಕಿಸಲು ಕಳಿಸಿದ್ದಾಳೆ. ಇಲಿ ಕಡಿದಿದೆ. ಕೆಂಪು, ಕಪ್ಪು ಎಲ್ಲವನ್ನೂ ಬಿಟ್ಟು ನಟ್ಟನಡುವಿನ ಬಿಳಿಯನ್ನೇ ಕಡಿದಿದೆ. ಆ ಬಿಳಿ ನನ್ನದು. ಹಾಗೆಂದು ಇಷ್ಟು ವರ್ಷ ತಿಳಿದಿದ್ದೇನೆ.

ಹೈದರಾಬಾದಿನಲ್ಲಿ ಓದುವಾಗ ಒಂದು ವಿಲಾಯತಿ ಪತ್ರಿಕೆ ಕೈಗೆ ಬಂತು. ಅದರ ಚಿತ್ರಗಳಲ್ಲಿ ಮನುಷ್ಯರಿರಲಿಲ್ಲ, ಮರವಿರಲಿಲ್ಲ, ದನವೂ ಇರಲಿಲ್ಲ. ಕಪ್ಪು ಗೆರೆಗಳು, ಮೂಲೆಯಲ್ಲೊಂದು ಕೆಂಪು ಚೌಕ, ಉಳಿದದ್ದು ಬಿಳಿ. ಖಾಲಿ ಜಾಗವೂ ಚಿತ್ರವೇ ಎಂದು ಅವನ್ನು ಬರೆದ ಹೊಸ ಪಂಥದವರ ವಾದ. ಕೆಂಪು ನಿಜಕ್ಕೂ ಅಚ್ಚಾಗಿತ್ತೋ, ನಾನು ಆಮೇಲೆ ಸೇರಿಸಿಕೊಂಡೆನೋ, ಈಗ ಹೇಳಲಾರೆ. ಹೊಸ ಮತ ಸೇರಿದವನ ಹಾಗೆ ಯಲಬುರ್ಗಾಕ್ಕೆ ಮರಳಿದೆ. ಪ್ರಚಾರಕ್ಕೆ ಸಿಕ್ಕಿದ್ದು ಕೌದಿ.

ಅಕ್ಕ ಬಾಣಂತನಕ್ಕೆ ಬಂದಿದ್ದಳು. ಕೂಸನ್ನೆತ್ತಿಕೊಂಡು ಹೋಗುವಾಗ ತವರಿನ ಕೌದಿ ಒಯ್ಯಬೇಕು. ಅವಳ ಅತ್ತೆ ಹಿಂದೊಮ್ಮೆ ನಾವು ಕೊಟ್ಟ ಸೀರೆಯನ್ನು ಓಣಿಯವರೆದುರೇ ಮರಳಿಸಿದ್ದಳು. ಕೌದಿಯೂ ತಿರುಗಿ ಬಂದರೆ ಆ ಮನೆಯಲ್ಲಿ ಬಾಳುವುದು ಹೇಗೆಂದು ಅಕ್ಕನಿಗೆ ಅಂಜಿಕೆ. ಹೊಲಿಯುವವಳು ಅವ್ವನ ಅಕ್ಕ, ನಮ್ಮ ದೊಡ್ಡವ್ವ. ನಮ್ಮ ಮನೆತನದಲ್ಲಿ ಕೌದಿಗೂ ಹೊಟ್ಟೆಯಿರುತ್ತದೆ. ಕೊನೆಗೆ ನಡುವಿನ ತೇಪೆಯೊಳಗೆ ರೊಟ್ಟಿಯ ಚೂರಿಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರನ್ನೂ ಉಪವಾಸ ಕೆಡವುತ್ತದಂತೆ.

ನಾನು ನೆಲದ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದೆ. ಕಪ್ಪು ಪಟ್ಟಿ, ಮೂಲೆಗೆ ಕೆಂಪು, ನಡುವೆ ಬರೀ ಬಿಳಿ. ತೇಪೆಯಿಲ್ಲ, ರೊಟ್ಟಿಯಂತೂ ಇಲ್ಲವೇ ಇಲ್ಲ.

"ಇಷ್ಟು ಬಯಲು ಯಾಕ ಬಿಟ್ಟೀಯೋ ತಮ್ಮಾ? ಅರಿವಿ ಸಾಲಲಿಲ್ಲೇನು?" ಎಂದಳು ದೊಡ್ಡವ್ವ.

ಖಾಲಿ ಬಿಡುವುದೇ ವಿದ್ಯೆ ಎಂದು ವಿವರಿಸಿದೆ.

"ಅಷ್ಟು ದೂರ ಹೋಗಿ ಇದನ್ನ ಕಲ್ತು ಬಂದ್ಯಾ? ಖಾಲಿ ಇರೋದು ನಮಗ ಮೊದಲ ಬರ್ತಿತ್ತಲ್ಲಪಾ."

ಅಕ್ಕ ನಗಲಿಲ್ಲ. "ನಿನ್ನ ಗೆರಿ ನಿನಗ ಛಲೋ. ಅತ್ತಿ ಮುಂದ ನಿಂದರಾಕಿ ನಾನು," ಎಂದಳು.

ಆದರೂ ದೊಡ್ಡವ್ವ ನಕ್ಷೆಯಂತೆಯೇ ಹೊಲಿದಳು. ಕೊನೆಯ ಹೊಲಿಗೆಯವರೆಗೂ ಕಾವಲು ಕೂತಿದ್ದೆನೆಂದು ನನ್ನ ನೆನಪು. ಆಗ ನಾನು ಕುಷ್ಟಗಿಗೆ ಮದುವೆಯೂಟಕ್ಕೆ ಹೋಗಿದ್ದೆನೆಂದು ಅವ್ವನ ನೆನಪು.

ಅಕ್ಕನನ್ನು ಕಳಿಸಲು ನವಲಿಗೆ ನಾನೇ ಹೋದೆ. ಅತ್ತೆ ಕೌದಿಯನ್ನು ಕಟ್ಟೆಯ ಮೇಲೆ ಹಾಸಿದಳು. ಓಣಿಯ ಹೆಂಗಸರು ಸೇರಿದರು. ಅಕ್ಕ ನೆಲ ನೋಡುತ್ತಿದ್ದಳು. ಅತ್ತೆಯ ಅಂಗೈ ಬಿಳಿಯ ಮೇಲೆ ಸರಿದಾಡಿ, ಒಂದು ಕಡೆ ನಿಂತಿತು.

"ಬಣ್ಣ ಕಡಿಮಿ ಆತು. ಇರ್ಲಿ, ಛಲೋ ಮಂದಿ ಹೊಲಿದದ್ದೈತಿ. ಪೆಟಗ್ಯಾಗ ಇಡವಾ. ನೀರಿಗೆ ಮಾತ್ರ ಹಾಕಬ್ಯಾಡ."

ಅಕ್ಕ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಸರಳರೇಖೆ ನವಲಿಯನ್ನು ಗೆದ್ದಿತೆಂದುಕೊಂಡು ಊರಿಗೆ ಬಂದೆ. ಚಿತ್ರವನ್ನು ಯಾರಾದರೂ ನೀರಿಗೆ ಹಾಕುತ್ತಾರೆಯೇ, ನೀವೇ ಹೇಳಿ.

ಅಂದಿನಿಂದ ನೇಕಾರರಿಗೆ ಜಮಖಾನೆಯ ನಕ್ಷೆ ಬರೆಯುವುದೇ ನನ್ನ ಕಸುಬು. ಪ್ರತಿಯೊಂದರಲ್ಲೂ ಒಂದು ಬಿಳಿ ಬಯಲು. ಯಾಕೆಂದು ಕೇಳಿದವರಿಗೆ ಮೊದಲು ವಿಲಾಯತಿ ಪಂಥವನ್ನೂ, ಆಮೇಲೆ ನವಲಿಯ ಅತ್ತೆಯನ್ನೂ ಸಾಕ್ಷಿಗೆ ಕರೆಯುತ್ತಿದ್ದೆ.

ಇವತ್ತು ಕೌದಿಯ ತೂತು ನೋಡುತ್ತ ಕೂತೆ. ಇಲಿಗೆ ಕಲೆಯ ಮೇಲೆ ಸಿಟ್ಟಿರಲು ಕಾರಣವಿಲ್ಲ. ಕೇಳೋಣವೆಂದರೆ ದೊಡ್ಡವ್ವ ಈಗಿಲ್ಲ. ಅರ್ಧ ಬರೆದಿದ್ದ ಜಮಖಾನೆಯ ನಕ್ಷೆಯನ್ನು ಪಕ್ಕಕ್ಕಿಟ್ಟು, ಕತ್ತರಿ ತಂದು, ಒಂದು ಬದಿಯ ಹೊಲಿಗೆ ಬಿಚ್ಚಿದೆ.

ಉಳಿದದ್ದನ್ನು ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದೊಂದನ್ನು ಮಾತ್ರ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ: ಬಿಳಿಯ ಕೆಳಗೆ ಜೋಳದ ರೊಟ್ಟಿ ಇತ್ತು. ಇಲಿ ಅರ್ಧ ಬಿಟ್ಟಿತ್ತು.